ಒಂದಡಿ ಗೊಂಬೆಗೆ ಹದಿನೆಂಟು ಮೊಳದ ಸೀರೆ

ಮಕ್ಕಳ ಕೈಯಲ್ಲಿ ಅರಿವೆಯ ಗೊಂಬೆ ಮಾಡಿಸಿ, ಅದಕ್ಕೆ ನಮ್ಮ ಕಡೆಯ ಉಡುಗೆ ಹೊಲಿಸಿ ಉಡಿಸುವ ಬಗೆಯಿದು. ಪದ್ಧತಿ ಮಾತ್ರ ದೂರದವರದು. ಆರ್ಕ್ಟಿಕ್ ಸೀಮೆಯ ಇನುಯಿಟ್ ಮನೆಗಳಲ್ಲಿ ಹುಡುಗಿಯರು ಹೊಲಿಗೆ ಕಲಿತದ್ದು ಗೊಂಬೆಯ ಬಟ್ಟೆ ಹೊಲಿದು. ದೊಡ್ಡವರ ಉಡುಪು ಕತ್ತರಿಸಿ ಉಳಿದ ತೊಗಲಿನ ಚೂರು ಮಗುವಿನ ಕೈಗೆ ಬರುತ್ತಿತ್ತು. ಗೊಂಬೆಯ ಮೈ ಮರದ್ದೋ, ವಾಲ್ರಸ್ ಎಂಬ ಕಡಲ ಪ್ರಾಣಿಯ ದಂತದ್ದೋ, ಮೂಳೆಯದ್ದೋ ಆಗಿರುತ್ತಿತ್ತು. ಈಗಿನ ಇನುಯಿಟರ ಪೂರ್ವಜರಾದ ಥೂಲೆ ಜನರ ಎಷ್ಟೋ ಮರದ ಗೊಂಬೆಗಳಿಗೆ ಕೈಯೂ ಇಲ್ಲ, ಕಣ್ಣು ಮೂಗೂ ಇಲ್ಲ. ಮೈ ಇಷ್ಟು ಸರಳ, ಬಟ್ಟೆ ಮಾತ್ರ ಅಸಲು. ಚಳಿಗಾಲದ, ಕ್ಯಾರಿಬೂ ಎಂಬ ಜಿಂಕೆಯ ತೊಗಲಿನ ಉಡುಪಿನಲ್ಲಿ ಒಳಅಂಗಿಯ ರೋಮ ಮೈ ಕಡೆಗೆ, ಹೊರಅಂಗಿಯ ರೋಮ ಹೊರಗಡೆಗೆ. ದಾರ ಎಂದರೆ ಪ್ರಾಣಿಯ ಬೆನ್ನಿನ ಸ್ನಾಯುವಿನ ಗಟ್ಟಿ ನಾರಿನಿಂದ ಎಳೆದ ಎಳೆ. ಒದ್ದೆಯಾದಾಗ ಅದು ಉಬ್ಬಿ ಸೂಜಿಯ ತೂತನ್ನು ತಾನೇ ಮುಚ್ಚುತ್ತದೆ. ಬೇಟೆಗೆ ಹೊರಟವನ ಬೂಟಿನ ಹೊಲಿಗೆ ಬಿಟ್ಟರೆ ಕಾಲು ಹೆಪ್ಪುಗಟ್ಟುತ್ತದೆ. ಗೊಂಬೆಯ ಬೂಟಿನದು ಬಿಟ್ಟರೆ ಬಿಚ್ಚಿ ಮತ್ತೆ ಹೊಲಿದರಾಯಿತು. ತಪ್ಪು ಮಾಡಿ ಕಲಿಯಲು ಇದಕ್ಕಿಂತ ಅಗ್ಗದ ಜಾಗವಿಲ್ಲ.

ಅವರ ಹೆಂಗಸರ ಅಮೌಟಿ ಎಂಬ ಅಂಗಿಯ ಬೆನ್ನಲ್ಲಿ ಕೂಸು ಕೂರುವ ಚೀಲ, ಮೇಲೆ ದೊಡ್ಡ ಕುಲಾವಿ. ಕೂಸು ಕೆಳಗೆ ಜಾರದಂತೆ ಸೊಂಟಕ್ಕೊಂದು ಪಟ್ಟಿ. ಈಗ ಟಾಲೊಯೋಕ್ ಎನ್ನುವ, ಆಗ ಸ್ಪೆನ್ಸ್ ಬೇ ಎನ್ನುತ್ತಿದ್ದ ಊರಿನ ಹೆಂಗಸರು 1970ರ ದಶಕದಲ್ಲಿ ದಪ್ಪ ಉಣ್ಣೆ ಬಟ್ಟೆಯಲ್ಲಿ ಮಾಡಿದ ಪ್ರಾಣಿಗೊಂಬೆಗಳು ಹೆಸರಾದದ್ದು ಇದೇ ಅಂಗಿಯಿಂದ. ತಾಯಿಪ್ರಾಣಿ ತನ್ನ ಮರಿಯನ್ನು ಅಮೌಟಿಯಲ್ಲಿ ಹೊತ್ತಿರುತ್ತದೆ.

ಧಾರವಾಡದಲ್ಲಿ ಕೂತು ತೊಗಲಿನ ಗೊಂಬೆ ಮಾಡುವುದರಲ್ಲಿ ಹುರುಳಿಲ್ಲ. ತರಬೇಕಾದದ್ದು ಪದ್ಧತಿ: ಗೊಂಬೆ ಸರಳವಿರಲಿ, ಉಡುಗೆ ಮಾತ್ರ ಮನುಷ್ಯರು ಉಡುವಂತೆಯೇ ಇರಲಿ. ಸೀರೆ ಎಂದರೆ ಬಿಚ್ಚಿ ಮತ್ತೆ ಉಡಿಸಲು ಬರುವ ಸೀರೆ. ಕುಪ್ಪಸ ಎಂದರೆ ಮುಂದೆ ಗಂಟು ಹಾಕುವ ಕುಪ್ಪಸ. ಅಂಗಡಿ ಗೊಂಬೆಗಳಿಗೆ ಗೋಂದು ಹಚ್ಚಿ ಅಂಟಿಸಿದ ನೆರಿಗೆ ನೋಡಲು ಚಂದ, ಆದರೆ ಅದರಿಂದ ಮಗು ಕಲಿಯುವುದು ಗೋಂದು ಹಚ್ಚುವುದನ್ನು ಮಾತ್ರ. ಆದ್ದರಿಂದ ಇಲ್ಲಿ ಎಲಾಸ್ಟಿಕ್ ಇಲ್ಲ, ವೆಲ್ಕ್ರೋ ಇಲ್ಲ, ಗ್ಲೂ ಗನ್ ಇಲ್ಲ.

ಗೊಂಬೆ ಯಾರ ಮನೆಯದು?

ಕತ್ತರಿ ಹಿಡಿಯುವ ಮೊದಲು ಇದನ್ನು ಮಗುವಿಗೇ ಕೇಳಿ. ಗೊಂಬೆ ಉಡಬೇಕಾದದ್ದು ಆ ಮಗುವಿನ ಮನೆಯ ಅಜ್ಜಿಯೋ ಅಜ್ಜನೋ ಉಟ್ಟದ್ದನ್ನು. ಹತ್ತು ಮಕ್ಕಳ ಗುಂಪಿನಲ್ಲಿ ಎಲ್ಲರ ಗೊಂಬೆಗೂ ಇಳಕಲ್ ಸೀರೆಯೇ ಆಗಬೇಕೆಂದೇನಿಲ್ಲ. ಗದಗ, ಹಾವೇರಿ ಕಡೆಯ ತಾಂಡಾದ ಮಗುವಾದರೆ ಲಂಬಾಣಿಯರ ಪೇಟಿಯಾ (ಲಂಗ), ಕಾಂಚಳಿ (ಕುಪ್ಪಸ) ಹೊಲಿಯಲಿ. ಕನ್ನಡಿ ಕೂರಿಸುವ ಹೊಲಿಗೆಯನ್ನು ಮನೆಯಲ್ಲೇ ಕಲಿಸುವವರಿರುತ್ತಾರೆ. ಅಜ್ಜಿ ಕಚ್ಚೆ ಹಾಕದ, ಆರು ಗಜದ ಗೋಲ ಸೀರೆಯನ್ನೇ ಉಟ್ಟವರಾದರೆ ಗೊಂಬೆಗೂ ಗೋಲ ಸೀರೆಯೇ. ಹುಡುಗರನ್ನು ಹೊರಗಿಡಬೇಡಿ. ರುಮಾಲು ಸುತ್ತುವುದು ಸೀರೆ ಉಡಿಸುವುದಕ್ಕಿಂತ ಸುಲಭವಲ್ಲ.

ಹಳೆಯ ಫೋಟೋ ಇದ್ದರೆ ತರಿಸಿ. ಇಲ್ಲದಿದ್ದರೆ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ಹಳ್ಳಿ ಬದುಕಿನ ಆಳೆತ್ತರದ ಶಿಲ್ಪಗಳಿವೆ. ಅಲ್ಲಿ ನಿಂತು ಕಚ್ಚೆ ಎಲ್ಲಿ ಸಿಕ್ಕಿಸಿದೆ, ರುಮಾಲಿನ ತುದಿ ಯಾವ ಕಡೆ ಇಳಿದಿದೆ ಎಂದು ಮಕ್ಕಳಿಂದ ಬರೆಸಿಕೊಳ್ಳಬಹುದು.

ಸಾಮಾನು, ಹತ್ತು ಗೊಂಬೆಗೆ

36 ಇಂಚು ಪನ್ನಾ (ಅಗಲ) ಇರುವ ಬಿಳಿ ಅಥವಾ ಕೋರಾ ಕಾಟನ್ 2.5 ಮೀಟರ್. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರ ರಾಷ್ಟ್ರಧ್ವಜಕ್ಕೆ ಹೆಸರಾದದ್ದು. ಖಾದಿ ಸಿಕ್ಕರೆ ಮೈಗೆ ಒಳ್ಳೆಯದು, ಆದರೆ ತೆಳುವಾದದ್ದನ್ನೇ ಆರಿಸಿ. ದಪ್ಪ ಖಾದಿಯಲ್ಲಿ ಮಗುವಿನ ಸೂಜಿ ಇಳಿಯುವುದಿಲ್ಲ. ಕೊಂಡದ್ದನ್ನು ಒಮ್ಮೆ ನೀರಿಗೆ ಹಾಕಿ ಒಣಗಿಸಿ, ಆಮೇಲೆ ಕತ್ತರಿಸಿ. ಇಲ್ಲದಿದ್ದರೆ ಮೊದಲ ಸಲ ಒದ್ದೆಯಾದಾಗ ಮೈ ಕುಗ್ಗಿ ಹೊಲಿಗೆ ಬಿರಿಯುತ್ತದೆ.

ಹತ್ತಿ ಒಂದು ಕೆಜಿ. ಒಂದು ಗೊಂಬೆಗೆ 70-80 ಗ್ರಾಂ ಹಿಡಿಯುತ್ತದೆ. ಗಾದಿ ಅಂಗಡಿಯಲ್ಲಿ ಹಿಂಜಿದ ಹತ್ತಿಯನ್ನೇ ಕೇಳಿ. ಹಳೆ ದಿಂಬಿನ ಹತ್ತಿಯಾದರೆ ಒಂದು ದಿನ ಬಿಸಿಲಿಗೆ ಹಾಕಿ, ಕೈಯಿಂದ ಬಿಡಿಸಿ ಬಿಡಿಸಿ ಗಂಟು ತೆಗೆಯಬೇಕು. ಹಾಗೇ ತುರುಕಿದರೆ ಕೈಕಾಲು ಉಂಡೆ ಉಂಡೆಯಾಗಿ ಕಾಣುತ್ತವೆ. ಪಾಲಿಯೆಸ್ಟರ್ ಫೈಬರ್ ಬೇಡ. ಅದು ಹಗುರ, ಒತ್ತಿದರೆ ಪುಟಿದೇಳುತ್ತದೆ. ಸೀರೆಯನ್ನು ಬಿಗಿದು ಕಟ್ಟಲು ಗಟ್ಟಿ ಸೊಂಟ ಬೇಕು, ಅದು ಹತ್ತಿಯಿಂದಲೇ ಬರುತ್ತದೆ. ಧಾರವಾಡ-ಗದಗ ಸೀಮೆಯ ಜಯಧರ ಹತ್ತಿಯ ಹೆಸರನ್ನು ಮಕ್ಕಳು ಕೇಳಿರಲಿಕ್ಕಿಲ್ಲ. ಕೈಯಲ್ಲಿ ಹತ್ತಿ ಇರುವಾಗಲೇ ಆ ಮಾತು ಎತ್ತಿ.

ಉಟ್ಟು ಉಟ್ಟು ಮೆತ್ತಗಾದ ಹಳೆ ವಾಯಲ್ ಸೀರೆ ಒಂದು. ಇದರಲ್ಲಿ ಇಪ್ಪತ್ತು ಗೊಂಬೆಗೆ ಸೀರೆಯಾಗುತ್ತದೆ. ಕುಪ್ಪಸಕ್ಕೆ ಗುಳೇದಗುಡ್ಡದ ಖಣ ಎರಡು. ಸೆರಗಿಗೆ ಕೆಂಪು ಕಾಟನ್ ಕಾಲು ಮೀಟರ್. ಕಸೂತಿಗೆ, ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆ ಅರ್ಧ ಮೀಟರ್, ಎಂಬ್ರಾಯಿಡರಿ ಲಡಿ ಕೆಂಪು, ಹಸಿರು, ಹಳದಿ, ಬಿಳಿ ಎರಡೆರಡು. ಮೊಂಡು ತುದಿಯ ಕಸೂತಿ ಸೂಜಿ ಹತ್ತು, ಸಾದಾ ಹೊಲಿಗೆ ಸೂಜಿ ಹನ್ನೆರಡು, ಕೂದಲಿಗೆ ಕಪ್ಪು ಉಲ್ಲನ್ ಒಂದು ಉಂಡೆ, ಐಸ್‌ಕ್ಯಾಂಡಿ ಕಡ್ಡಿ ಹತ್ತು. ಹುಬ್ಬಳ್ಳಿಯವರಿಗೆ ದುರ್ಗದಬೈಲಿನ ಸುತ್ತ ಒಂದೇ ಸುತ್ತಿನಲ್ಲಿ ಇಷ್ಟೂ ಸಿಗುತ್ತದೆ. ಖಣದ ಚೂರು ಬೇಕಾದರೆ ಟೇಲರ್ ಅಂಗಡಿಯಲ್ಲಿ ಕೇಳಿ, ಕಸಕ್ಕೆ ಹೋಗುವ ಪಟ್ಟಿಗಳೇ ಸಾಕಾಗುತ್ತವೆ.

ಮೈ

ಒಂದು ಗೊಂಬೆಗೆ 35×45 ಸೆಂ.ಮೀ. ಬಟ್ಟೆ ಬೇಕು. ಅದರಲ್ಲಿ ತಲೆ-ಮೈ ಸೇರಿದ ತುಂಡು ಎರಡು, ತಲಾ 12×18 ಸೆಂ.ಮೀ.; ಕಾಲಿಗೆ ನಾಲ್ಕು, 6×17; ಕೈಗೆ ನಾಲ್ಕು, 5×13. ತಲೆ-ಮೈ ತುಂಡಿನ ಮೇಲ್ಗಡೆ 7 ಸೆಂ.ಮೀ. ಅಗಲದ ತಲೆ, 4 ಸೆಂ.ಮೀ. ಕುತ್ತಿಗೆ, ಅಲ್ಲಿಂದ ಇಳಿಜಾರಾಗಿ 11 ಸೆಂ.ಮೀ. ಭುಜ, 10 ಸೆಂ.ಮೀ. ಸೊಂಟ ಬರುವಂತೆ ಗೆರೆ ಹಾಕಿ. ರಟ್ಟಿನಲ್ಲಿ ಒಂದು ಮಾದರಿ ಕತ್ತರಿಸಿಟ್ಟರೆ ಹತ್ತು ಮಕ್ಕಳೂ ಅದನ್ನೇ ಇಟ್ಟು ಪೆನ್ಸಿಲ್ ಆಡಿಸಬಹುದು.

ಎರಡು ತುಂಡಿನ ಒಳ್ಳೆ ಮಗ್ಗಲು ಒಳಗೆ ಬರುವಂತೆ ಜೋಡಿಸಿ, ಅಂಚಿನಿಂದ ಅರ್ಧ ಸೆಂ.ಮೀ. ಒಳಗೆ ಹೊಲಿಯಿರಿ. ಸಾದಾ ಟಾಕಿ ಸಾಲದು. ಹತ್ತಿ ತುರುಕುವಾಗ ಟಾಕಿಗಳ ನಡುವೆ ಬಾಯಿ ಬಿಟ್ಟು ಬಿಳಿ ಹತ್ತಿ ಇಣುಕುತ್ತದೆ. ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದೆ ಬರುವ ಹಿಮ್ಮರಳಿ ಹೊಲಿಗೆಯೇ ಬೇಕು, ಸೆಂ.ಮೀ.ಗೆ ಮೂರು ಟಾಕಿ ಬಿದ್ದರೆ ಸಾಕು. ಕೆಳಗಿನ ಬಾಯಿ ಬಿಡಿ. ಹೊಲಿದಾದ ಮೇಲೆ ಕುತ್ತಿಗೆಯ ಎರಡೂ ಬದಿಯ ಮಡಿಕೆಯಲ್ಲಿ ಕತ್ತರಿಯಿಂದ ಸಣ್ಣ ಗೀರು ಹಾಕಿ, ಹೊಲಿಗೆಗೆ 2 ಮಿ.ಮೀ. ಮೊದಲೇ ನಿಲ್ಲಿಸಿ. ಈ ಗೀರು ಇಲ್ಲದಿದ್ದರೆ ತಿರುವಿದಾಗ ಕುತ್ತಿಗೆಯಲ್ಲಿ ಸುಕ್ಕು ನಿಲ್ಲುತ್ತದೆ. ಹೊಲಿಗೆಗೇ ತಾಗಿಸಿದರೆ ತುರುಕುವಾಗ ಹರಿಯುತ್ತದೆ.

ತುಂಬುವುದು ತಲೆಯಿಂದ. ಬೆರಳತುದಿಯಷ್ಟು ಹತ್ತಿ ತೆಗೆದು, ಪೆನ್ಸಿಲಿನ ಹಿಂತುದಿಯಿಂದ ಅಂಚಿನ ಕಡೆಗೆ ಒತ್ತುತ್ತ ಬನ್ನಿ. ಮಕ್ಕಳು ಮಾಡುವ ತಪ್ಪು ಒಂದೇ: ಮುಷ್ಟಿ ಹತ್ತಿಯನ್ನು ಒಮ್ಮೆಗೇ ತಳ್ಳುತ್ತಾರೆ. ಅದು ಕುತ್ತಿಗೆಯಲ್ಲಿ ಸಿಕ್ಕಿಕೊಂಡು ತಲೆ ಪೊಳ್ಳಾಗಿ ಉಳಿಯುತ್ತದೆ. ತಲೆ ತುಂಬಿದ ಮೇಲೆ ಐಸ್‌ಕ್ಯಾಂಡಿ ಕಡ್ಡಿಗೆ ಅರಿವೆಪಟ್ಟಿ ಸುತ್ತಿ, ಅರ್ಧ ತಲೆಯಲ್ಲಿ ಅರ್ಧ ಎದೆಯಲ್ಲಿ ನಿಲ್ಲುವಂತೆ ಇಳಿಸಿ, ಸುತ್ತ ಹತ್ತಿ ಗಿಡಿದು ತುಂಬಿ. ಕುತ್ತಿಗೆ ವಾಲುವ ಗೊಂಬೆಗೆ ತಲೆ ಮೇಲೆ ಸೆರಗು ನಿಲ್ಲುವುದಿಲ್ಲ, ರುಮಾಲಂತೂ ಇಲ್ಲವೇ ಇಲ್ಲ.

ಕಾಲನ್ನು ಪೂರ್ತಿ ತುಂಬದೆ, ಮೇಲಿನ 2 ಸೆಂ.ಮೀ. ಖಾಲಿ ಬಿಟ್ಟು ಮೈಯ ಬಾಯಿಗೆ ಸೇರಿಸಿ ಹೊಲಿಯಿರಿ. ಆ ಖಾಲಿ ಜಾಗದಿಂದಲೇ ಗೊಂಬೆ ಕೂರುತ್ತದೆ. ಕೈಗೂ ಹಾಗೇ. ಕೀಲುಗಳಿಗೆ ಎರಡೆಳೆ ದಾರ. ಎಲ್ಲ ಮುಗಿದಾಗ ಗೊಂಬೆ ಸುಮಾರು 30 ಸೆಂ.ಮೀ. ಎತ್ತರ, ಸೊಂಟದ ಸುತ್ತಳತೆ 17ರ ಆಸುಪಾಸು.

ಇನ್ನು ಉಡದಾರ. ಕಪ್ಪು ದಾರವನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದು ಗಂಟು ಹಾಕಿ, ಬೆನ್ನಲ್ಲಿ ಹೊಟ್ಟೆಯಲ್ಲಿ ಒಂದೊಂದು ಟಾಕಿ ಹಾಕಿ ನಿಲ್ಲಿಸಿ. ಮುಂದೆ ಸೀರೆ, ದೋತರ ಎಲ್ಲವನ್ನೂ ಸಿಕ್ಕಿಸುವುದು ಇದರೊಳಗೇ. ಪಿನ್ನು ಬೇಕಾಗುವುದಿಲ್ಲ.

ಮುಖವನ್ನು ಕೊನೆಗೆ ಬರೆಯಿಸಿ. ಮೊದಲೇ ಕಣ್ಣು ಬರೆದ ಮಗು ಆ ಕ್ಷಣದಿಂದ ಆಟಕ್ಕೆ ಹೋಗುತ್ತದೆ, ಹೊಲಿಗೆಗೆ ಬರುವುದಿಲ್ಲ. ಖಾಲಿ ಬಿಟ್ಟರೂ ನಡೆಯುತ್ತದೆ.

ಸೀರೆ: ಲೆಕ್ಕ ಎಲ್ಲಿ ಕೈಕೊಡುತ್ತದೆ

ಐದು ಅಡಿ ಎತ್ತರದ ಹೆಂಗಸಿಗೆ ಒಂದಡಿ ಗೊಂಬೆ ಎಂದರೆ ಐದರಲ್ಲಿ ಒಂದು ಪಾಲು. ಹದಿನೆಂಟು ಮೊಳದ ಸೀರೆ ಸುಮಾರು 820 ಸೆಂ.ಮೀ. ಉದ್ದ, ಐದರಿಂದ ಭಾಗಿಸಿದರೆ 164. ಮಕ್ಕಳಿಂದಲೇ ಈ ಲೆಕ್ಕ ಹಾಕಿಸಿ, 164 ಸೆಂ.ಮೀ. ಕತ್ತರಿಸಿ ಒಮ್ಮೆ ಉಡಿಸಲು ಬಿಡಿ. ಗೊಂಬೆಯ ಹೊಟ್ಟೆ ಮುಂದೆ ದೊಡ್ಡ ಗಂಟು ಕೂರುತ್ತದೆ, ನೆರಿಗೆ ಬೀಸಣಿಗೆಯಂತೆ ಎದ್ದು ನಿಲ್ಲುತ್ತವೆ. ಉದ್ದ ಅಗಲ ಐದು ಪಟ್ಟು ಇಳಿಸಿದೆವು, ಬಟ್ಟೆಯ ದಪ್ಪ ಮಾತ್ರ ಇಳಿಯಲಿಲ್ಲ. ಕಾರಣ ಅಷ್ಟೇ. ಅಸಲು ಇಳಕಲ್ ಬಟ್ಟೆಯನ್ನು ಗೊಂಬೆಗೆ ಉಡಿಸಬಾರದು ಎನ್ನುವುದೂ ಇದಕ್ಕೇ. ಮಗ್ಗದ ಹೊಸ ಬಟ್ಟೆ ಈ ಅಳತೆಯಲ್ಲಿ ರಟ್ಟಿನಂತೆ ವರ್ತಿಸುತ್ತದೆ. ಮೆತ್ತಗಾದ ವಾಯಲ್ ತೆಗೆದುಕೊಳ್ಳಿ. ಕಚ್ಚೆಗಾದರೆ 120 ಸೆಂ.ಮೀ., ಗೋಲ ಸೀರೆಗಾದರೆ 95. ಅಗಲ ಎರಡಕ್ಕೂ 21.

ಒಡಲಿಗೆ ಕಡುನೀಲಿ, ದಾಳಿಂಬೆ ಅಥವಾ ಕಪ್ಪು. ದಡಿಗೆ 1.5 ಸೆಂ.ಮೀ. ಬಣ್ಣದ ಪಟ್ಟಿಯನ್ನು ಎರಡೂ ಅಂಚಿಗೆ ಮಡಿಸಿ ಹೊಲಿಯಿರಿ. ಇಳಕಲ್ ಸೆರಗು ಕೆಂಪು, ಅದರಲ್ಲಿ ಬಿಳಿಯ ವಿನ್ಯಾಸ. ಹಣಿಗೆ, ಕೋಟೆ ಕಮ್ಮಲಿ, ತೋಪುತೆನೆ ಇವು ಅದರ ಹೆಸರುಗಳು. ತೋಪುತೆನೆ ಎಂದರೆ ಜೋಳದ ತೆನೆ, ಹಣಿಗೆಯ ಹಲ್ಲಿನಂತಿರುವುದು ಹಣಿಗೆ. 12 ಸೆಂ.ಮೀ. ಉದ್ದದ ಕೆಂಪು ತುಂಡನ್ನು ಒಡಲಿಗೆ ಜೋಡಿಸಿ, ಅದರ ಮೇಲೆ ಬಿಳಿ ದಾರದಲ್ಲಿ ಹಣಿಗೆ ಹಲ್ಲನ್ನು ಸಾದಾ ಟಾಕಿಯಲ್ಲೇ ಎಳೆಯಬಹುದು.

ಮಗ್ಗದಲ್ಲಿ ಒಡಲಿಗೂ ಸೆರಗಿಗೂ ಇಂಥ ಹೊಲಿಗೆ ಇರುವುದಿಲ್ಲ. ಒಡಲಿನ ಹಾಸು ಎಳೆ ಬೇರೆ, ಸೆರಗಿನ ಹಾಸು ಎಳೆ ಬೇರೆ. ಒಂದರ ಕುಣಿಕೆಯಲ್ಲಿ ಇನ್ನೊಂದರ ಕುಣಿಕೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಇದನ್ನು ತೋರಿಸಲು ಪೋಸ್ಟ್‌ಕಾರ್ಡ್ ಗಾತ್ರದ ರಟ್ಟು ಸಾಕು. ಮೇಲಂಚಿಗೂ ಕೆಳಅಂಚಿಗೂ ಹತ್ತು ಹತ್ತು ಕಚ್ಚು ಹಾಕಿ. ಮೇಲಿನ ಕಚ್ಚಿನಿಂದ ಕೆಂಪು ದಾರ ಇಳಿಸಿ, ರಟ್ಟಿನ ನಡುವೆ ನೀಲಿ ದಾರದ ಕುಣಿಕೆಯೊಳಗೆ ತೂರಿಸಿ ಮರಳಿ ಮೇಲಕ್ಕೆ ತನ್ನಿ. ನೀಲಿ ದಾರ ಕೆಳಗಿನ ಕಚ್ಚಿಗೆ. ಹತ್ತು ಕುಣಿಕೆ ಆದ ಮೇಲೆ ಉಲ್ಲನ್ ಎಳೆಯನ್ನು ಅಡ್ಡಡ್ಡ ಒಂದು ಮೇಲೆ ಒಂದು ಕೆಳಗೆ ನೇಯಿಸಿ. ಬಣ್ಣ ಬದಲಾಗುವ ಗೆರೆಯಲ್ಲಿ ಗಂಟೂ ಇಲ್ಲ, ಹೊಲಿಗೆಯೂ ಇಲ್ಲ. ಈ ರಟ್ಟು ಕೈಯಲ್ಲಿ ಹಿಡಿದ ಮಗು ಮುಂದೆ ಮನೆಯ ಸೀರೆಯ ಸೆರಗನ್ನು ತಿರುಗಿಸಿ ನೋಡದೆ ಬಿಡುವುದಿಲ್ಲ. ಗದಗ-ಬೆಟಗೇರಿಯಲ್ಲಿ ನೇಕಾರರ ಪರಿಚಯವಿದ್ದರೆ ಇದಾದ ಮೇಲೆಯೇ ಮಗ್ಗ ನೋಡಲು ಕರೆದೊಯ್ಯಿರಿ. ಮೊದಲೇ ಹೋದರೆ ಮಕ್ಕಳು ನೋಡುವುದು ಲಾಳಿ ಓಡುವುದನ್ನಷ್ಟೇ.

ಕಚ್ಚೆ ಹಾಕಿ ಉಡಿಸುವುದು

ಗೊಂಬೆಯನ್ನು ಅಂಗಾತ ಮಲಗಿಸಿ. ಸೆರಗಿಲ್ಲದ ತುದಿಯಿಂದ 30 ಸೆಂ.ಮೀ. ಬಿಟ್ಟು, ಆ ಜಾಗವನ್ನು ಹೊಟ್ಟೆಯ ನಡುವೆ ಹಿಡಿಯಿರಿ. ಉದ್ದನೆಯ ಕಡೆಯನ್ನು ಬೆನ್ನ ಹಿಂದಿನಿಂದ ಒಂದು ಸುತ್ತು ತಂದು, ಮೇಲಿನ ಅಂಚುಗಳನ್ನು ಮುಂದೆ ಸೇರಿಸಿ ಸಣ್ಣ ಗಂಟು ಹಾಕಿ. ಗಂಟು ಬಿಗಿಯಾಗದೆ ಮುಂದಕ್ಕೆ ಹೋಗಬೇಡಿ. ಇಲ್ಲಿ ಸಡಿಲ ಬಿಟ್ಟರೆ ಕಚ್ಚೆ ಎಳೆದಾಗ ಇಡೀ ಸೀರೆ ಕೆಳಗಿಳಿಯುತ್ತದೆ.

ಬಿಟ್ಟ 30 ಸೆಂ.ಮೀ.ಯನ್ನು ಎರಡೂವರೆ ಸೆಂ.ಮೀ. ಅಗಲದ ಆರು ನೆರಿಗೆ ಮಾಡಿ. ಮಗುವಿನ ಎರಡು ಬೆರಳಿನ ಅಗಲವೇ ಅಳತೆ. ನೆರಿಗೆಯ ಮೇಲ್ತುದಿಯನ್ನು ಮುಂದೆ ಉಡದಾರದೊಳಗೆ ಸಿಕ್ಕಿಸಿ, ಕೆಳತುದಿಯ ನಡುಭಾಗ ಹಿಡಿದು ಕಾಲುಗಳ ನಡುವಿನಿಂದ ಹಿಂದಕ್ಕೆ ಒಯ್ದು, ಬೆನ್ನ ಕಡೆ ಉಡದಾರದೊಳಗೆ ಸಿಕ್ಕಿಸಿ. ಪೂರ್ತಿ ಬಿಗಿಯಬೇಡಿ, ಮೊಣಕಾಲಿನ ಹತ್ತಿರ ಬಟ್ಟೆ ಸ್ವಲ್ಪ ಜೋಲಿರಲಿ. ಆಗಲೇ ಗೊಂಬೆ ಚಕ್ಕಳಮಕ್ಕಳ ಹಾಕಿ ಕೂರುತ್ತದೆ. ನಾಟಿ, ಕಳೆ, ಕೊಯ್ಲಿಗೆ ಬಗ್ಗಿ ಎದ್ದು ಕೆಲಸ ಮಾಡುವ ಹೆಂಗಸರು ಕಚ್ಚೆ ಯಾಕೆ ಹಾಕುತ್ತಿದ್ದರು ಎನ್ನುವುದನ್ನು ಗೊಂಬೆಯನ್ನು ಬಗ್ಗಿಸಿ ತೋರಿಸಿ. ಮಾತು ಬೇಕಾಗುವುದಿಲ್ಲ.

ಉಳಿದದ್ದು 72 ಸೆಂ.ಮೀ. ಇನ್ನೊಂದು ಸುತ್ತು 18, ಮುಂದೆ ಮೂರು ನೆರಿಗೆ 15. ಮಿಕ್ಕದ್ದು ಎದೆಯ ಮೇಲೆ ಓರೆಯಾಗಿ ಹೋಗಿ ಹೆಗಲೇರುತ್ತದೆ. ಎಡ ಹೆಗಲೋ ಬಲ ಹೆಗಲೋ? ತಲೆ ಮೇಲೆ ಹೊದೆಯಬೇಕೋ? ಇದಕ್ಕೆ ಉತ್ತರ ಪುಸ್ತಕದಲ್ಲಿಲ್ಲ. ಊರಿಂದ ಊರಿಗೆ, ಮನೆಯಿಂದ ಮನೆಗೆ ಬೇರೆ. ಮಗು ಮನೆಯಲ್ಲಿ ಕೇಳಿಕೊಂಡು ಬಂದದ್ದೇ ಸರಿ, ಹತ್ತು ಗೊಂಬೆಗೆ ಹತ್ತು ಥರ ಬಂದರೂ ತಿದ್ದಬೇಡಿ.

ಮುಂದಿನ ನೆರಿಗೆಯಲ್ಲಿ ಉಡಿ ತೆರೆಯಲು ಜಾಗ ಮಾಡಿ. ನಾಲ್ಕು ಕಾಳು ಅಕ್ಕಿ, ಒಂದು ಚೂರು ಖಣ, ಅಡಿಕೆ ಚೂರು, ಬೆಲ್ಲ ಇಟ್ಟು ಉಡಿ ತುಂಬುವ ಆಟವನ್ನು ಮಕ್ಕಳು ತಾವೇ ಹೂಡುತ್ತಾರೆ. ಬೆಲ್ಲ ಮಾತ್ರ ಆಟ ಮುಗಿದ ಕೂಡಲೇ ತೆಗೆಯಿರಿ. ಇರುವೆ ಮುತ್ತಿದ ಗೊಂಬೆಯನ್ನು ಉಳಿಸಿಕೊಳ್ಳುವುದು ಕಷ್ಟ.

ಕುಪ್ಪಸ

24×16 ಸೆಂ.ಮೀ. ಖಣವನ್ನು 24ರ ಉದ್ದಕ್ಕೆ ನಡುವೆ ಮಡಿಸಿ, ಮಡಿಕೆ ಹೆಗಲ ಮೇಲೆ ಬರಲಿ. ದಡಿ ಬೆನ್ನ ಕೆಳಗೆ ಬರುವಂತೆ ಮೊದಲೇ ನೋಡಿಕೊಳ್ಳಿ. ನಡುವಿನ 12 ಸೆಂ.ಮೀ. ಮೈ, ಆಚೀಚೆ 6 ಸೆಂ.ಮೀ. ತೋಳು. ತೋಳಿನ ಆಳ ಮಡಿಕೆಯಿಂದ 5.5 ಸೆಂ.ಮೀ., ಅದಕ್ಕಿಂತ ಕಡಿಮೆ ಮಾಡಿದರೆ ಕೈ ತೂರುವುದಿಲ್ಲ. ಮುಂಭಾಗವನ್ನು ಮಾತ್ರ ನಡುವೆ ಸೀಳಿ, ಕುತ್ತಿಗೆಗೆ ಅರ್ಧಚಂದ್ರ ತೆಗೆಯಿರಿ. ಕತ್ತರಿಸುವ ಮೊದಲೇ ಗೆರೆಯಿಂದ 3 ಮಿ.ಮೀ. ಒಳಗೆ ಸುತ್ತಲೂ ಒಂದು ಸಾಲು ಸಾದಾ ಟಾಕಿ ಓಡಿಸಿ. ಖಣದ ಎಳೆ ಬಿಚ್ಚುವ ಚಾಳಿ ಕೆಟ್ಟದ್ದು, ಮಗು ನಿಧಾನವಾಗಿ ಹೊಲಿಯುವಷ್ಟರಲ್ಲಿ ಅಂಚು ಅರ್ಧ ಇಂಚು ಪೀಚಾಗಿರುತ್ತದೆ.

ಬದಿ ಹೊಲಿದು, ಕಂಕುಳ ಮೂಲೆಗೆ ಗೀರು ಹಾಕಿ ತಿರುವಿ. ಮುಂದಿನ ಎರಡು ಕೆಳಮೂಲೆಗೆ ಅದೇ ಬಟ್ಟೆಯ 6 ಸೆಂ.ಮೀ. ಪಟ್ಟಿ ಹೊಲಿದರೆ ಗಂಟು ಹಾಕಲು ಆಯಿತು. ಕುಪ್ಪಸ ತೊಡಿಸಿದ ಮೇಲೆ ಸೀರೆ. ತಿರುಗಾಮುರುಗಾ ಆದರೆ ಸೆರಗು ಕೆಡುತ್ತದೆ.

ಕಸೂತಿ: ಒಂದು ಮೆಟ್ಟಿಲು ಸಾಕು

ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಟಾಕಿಯಲ್ಲಿ ಧಾರವಾಡದ ಕಸೂತಿಯೆಲ್ಲ ಇದೆ. ಮೊದಲ ಸಲಕ್ಕೆ ಮುರಗಿಯೊಂದೇ ಹಿಡಿಯಿರಿ, ಗೋಪುರದ ಮೆಟ್ಟಿಲು ಅದರಿಂದಲೇ ಏಳುತ್ತದೆ. ಮ್ಯಾಟಿ ಬಟ್ಟೆ, ಆರೆಳೆ ಲಡಿಯಿಂದ ಮೂರು ಎಳೆ, ಮೊಂಡು ಸೂಜಿ. ಚೂಪು ಸೂಜಿ ಎಳೆಯನ್ನೇ ಸೀಳಿ ಲೆಕ್ಕ ತಪ್ಪಿಸುತ್ತದೆ.

ಗಂಟು ಹಾಕಬೇಡಿ, 5 ಸೆಂ.ಮೀ. ದಾರವನ್ನು ಹಿಂದೆ ಬಾಲವಾಗಿ ಬಿಡಿ. ಸೂಜಿ ಮೇಲೆ ತಂದು ಬಲಕ್ಕೆ ಎರಡು ಮನೆ (ನೇಯ್ಗೆಯ ಚೌಕ) ಹೋಗಿ ಕೆಳಗಿಳಿಸಿ. ಹಿಂಬದಿಯಲ್ಲೇ ಎರಡು ಮನೆ ಮೇಲಕ್ಕೆ ಹೋಗಿ ಹೊರತೆಗೆಯಿರಿ. ಮತ್ತೆ ಬಲಕ್ಕೆ ಎರಡು. ಹೀಗೆ ಐದು ಆದಾಗ ಮುಂದೆ ಬರೀ ಅಡ್ಡಗೆರೆಗಳು ಏಣಿಯಂತೆ ಏರಿರುತ್ತವೆ, ನಿಂತಗೆರೆಗಳು ಹಿಂದೆ ಅಡಗಿರುತ್ತವೆ. ಈಗ ಅದೇ ದಾರಿಯಲ್ಲಿ ವಾಪಸು. ಕೊನೆಯ ಅಡ್ಡಗೆರೆಯ ಎಡತುದಿಯಲ್ಲಿ ಮೇಲೆ ಬಂದು ಎರಡು ಮನೆ ಕೆಳಗೆ ಇಳಿಸಿ, ಹಿಂಬದಿಯಲ್ಲಿ ಎಡಕ್ಕೆ ಎರಡು ಮನೆ ಸರಿದು ಮತ್ತೆ ಮೇಲೆ. ಶುರುವಾದ ಜಾಗಕ್ಕೆ ಬಂದಾಗ ಮೆಟ್ಟಿಲು ಎರಡೂ ಮಗ್ಗಲಲ್ಲಿ ಒಂದೇ ಥರ ಇರುತ್ತದೆ. ಬಿಟ್ಟ ಬಾಲವನ್ನು ಟಾಕಿಗಳ ಕೆಳಗೆ ತೂರಿಸಿ ಕತ್ತರಿಸಿ.

ಹೋಗುವಾಗ ಒಂದು ಮನೆ ತಪ್ಪಿ ಎಣಿಸಿದ್ದು ಬರುವಾಗ ಬಯಲಾಗುತ್ತದೆ. ಗೆರೆ ಓರೆಯಾಗಿ ಸೇರುತ್ತದೆ. ಆಗ ಬಿಚ್ಚಬೇಕು, ಮುಚ್ಚಲು ಹೋದರೆ ಹಿಂಬದಿ ಹೇಳಿಕೊಡುತ್ತದೆ. ವಾಯಲ್ ಸೀರೆಯ ಎಳೆ ಎಣಿಸುವುದು ಮಕ್ಕಳ ಕಣ್ಣಿಗಾಗದು. ಸೀರೆಯ ಮೇಲೇ ಬೇಕೆಂದರೆ ಬಿಡಿ ನೇಯ್ಗೆಯ ಕ್ಯಾನ್ವಾಸ್ ಚೂರನ್ನು ಮೇಲಿಟ್ಟು, ಎರಡೂ ಸೇರಿಸಿ ಹೊಲಿದು, ಆಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬಹುದು.

ಸಣ್ಣವರಿಗೆ

ಆರೇಳು ವರ್ಷದವರಿಗೆ ಸೀರೆ ಭಾರ. ಅವರು ಕೂಸಿನ ಗೊಂಬೆ ಮಾಡಲಿ: 20×30 ಸೆಂ.ಮೀ. ಅರಿವೆಯನ್ನು ಸುರುಳಿ ಸುತ್ತಿ, ಮೇಲಿನ ಮೂರರಲ್ಲೊಂದು ಭಾಗಕ್ಕೆ ದಾರ ಬಿಗಿದರೆ ತಲೆಯಾಯಿತು. ಅದಕ್ಕೊಂದು ಕುಂಚಿಗಿ. 14×20 ಸೆಂ.ಮೀ. ಖಣವನ್ನು ಉದ್ದಕ್ಕೆ ಮಡಿಸಿ 7×20 ಮಾಡಿ, 7ರ ಒಂದು ಬದಿಯನ್ನಷ್ಟೇ ಹೊಲಿದು ತಿರುವಿದರೆ ತಲೆಗೆ ಗೂಡು, ಬೆನ್ನಿಗೆ ಹೊದಿಕೆ. ಒಂದೇ ಹೊಲಿಗೆ, ಒಂದೇ ಕೂತದ್ದರಲ್ಲಿ ಮುಗಿಯುತ್ತದೆ. ಅಮೌಟಿಯ ಸಂಗತಿ ಹೇಳಲು ಇದು ತಕ್ಕ ಹೊತ್ತು. ಅಲ್ಲಿ ಕೂಸು ಕೂರುವುದು ತಾಯಿಯ ಅಂಗಿಯೊಳಗೇ, ಇಲ್ಲಿ ಕೂಸಿಗೇ ಪ್ರತ್ಯೇಕ ಕುಂಚಿಗಿ. ಯಾಕೆ ಹೀಗೆ ಎಂದು ಕೇಳಿದರೆ ಚಳಿಯ ಮಾತು ಮಕ್ಕಳ ಬಾಯಿಂದಲೇ ಬರುತ್ತದೆ. ಹಾನಗಲ್ಲ ಕಡೆಯ ಮಕ್ಕಳಿಗೆ ಸೂಜಿಯೇ ಬೇಡದ ಕಂಬಳಿ ಕೊಪ್ಪೆಯನ್ನೂ ಮಡಿಸಿ ತೋರಿಸಲು ಮನೆಯಲ್ಲಿ ಯಾರಾದರೂ ಇರುತ್ತಾರೆ.

ಗಂಡುಗೊಂಬೆಗೆ ದೋತರ 80×21, ರುಮಾಲು 6×90 ಸೆಂ.ಮೀ. ರುಮಾಲನ್ನು ಒದ್ದೆ ಮಾಡಿ ಹಿಂಡಿ ಸುತ್ತಿದರೆ ಜಾರುವುದಿಲ್ಲ, ಒಣಗಿದ ಮೇಲೆ ಆಕಾರ ನಿಲ್ಲುತ್ತದೆ.

ಉಳಿದ ಚಿಂದಿಗೆ ಕೌದಿ. 20×25 ಸೆಂ.ಮೀ. ಹಳೆ ಅರಿವೆ ಎರಡು ಪದರ, ಮೇಲೆ ಚೂರುಗಳು, ಅಂಚಿನಿಂದ ಶುರು ಮಾಡಿ ಒಳಕ್ಕೆ ಸುತ್ತುತ್ತ ಬರುವ ಟಾಕಿ.  ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕೌದಿಯಲ್ಲಿ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಫೂಲ (ಹೂವು) ಇರಲೇಬೇಕು. ಗೊಂಬೆಯ ಕೌದಿಗೂ ಹಾಕಿಸಿ.

ಅಜ್ಜಿಯನ್ನು ಕೂರಿಸುವ ಬಗೆ

ಹಿರಿಯರನ್ನು ಕರೆದು "ಮಕ್ಕಳಿಗೆ ಹಳೆ ಕಾಲದ ಬಗ್ಗೆ ಎರಡು ಮಾತು ಹೇಳ್ರಿ" ಎಂದರೆ ಅವರು ಭಾಷಣಕ್ಕೆ ಇಳಿಯುತ್ತಾರೆ, ಮಕ್ಕಳು ಆಕಳಿಸುತ್ತಾರೆ. ಕೈಗೆ ಅರೆಬರೆ ಉಡಿಸಿದ ಗೊಂಬೆ ಕೊಟ್ಟು "ಯವ್ವಾ, ಇದು ಯಾಕ ಜಾರಾಕತ್ತೈತಿ ನೋಡ್ರಿ" ಎನ್ನಿ. ಕೈ ತಾನಾಗಿ ಕೆಲಸಕ್ಕೆ ಹೋಗುತ್ತದೆ, ಮಾತು ಅದರ ಹಿಂದೆ ಬರುತ್ತದೆ. ಒಬ್ಬ ಅಜ್ಜಿಗೆ ಮೂರು-ನಾಲ್ಕು ಮಕ್ಕಳಿಗಿಂತ ಹೆಚ್ಚು ಬೇಡ, ಮಗು ಅವರ ಎದುರಿಗಲ್ಲ, ಪಕ್ಕಕ್ಕೆ ಕೂರಲಿ. ಎದುರಿಗೆ ಕೂತವರಿಗೆ ಎಡಬಲ ತಿರುಗಾಮುರುಗಾ ಕಾಣುತ್ತದೆ.

ಒಂದು ಕರಾರು ಮೊದಲೇ ಮಾಡಿಕೊಳ್ಳಿ: ದೊಡ್ಡವರು ಮಗುವಿನ ಕೈಯಿಂದ ಸೂಜಿ ಕಸಿಯುವಂತಿಲ್ಲ. ತೋರಿಸಬೇಕಾದರೆ ತಮ್ಮ ಬಟ್ಟೆಯ ಮೇಲೆ ತೋರಿಸಲಿ. ಇದನ್ನು ಪಾಲಿಸುವುದು ಅಜ್ಜಿಯರಿಗಿಂತ ತಾಯಂದಿರಿಗೆ ಕಷ್ಟ.

ಒಡಲು, ದಡಿ, ಸೆರಗು, ನೆರಿಗೆ, ಕಚ್ಚೆ, ಉಡಿ ಇವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಬೇಡಿ. "ದಡಿ ಮ್ಯಾಲೆ ಬರ್ಲಿ", "ಸೆರಗು ಬಿಡು" ಎನ್ನುತ್ತ ಕೆಲಸ ನಡೆದರೆ ಸಾಕು.

ಎಲ್ಲಕ್ಕೂ ಒಂದೂವರೆ ಗಂಟೆಯ ಆರು ಬೈಠಕ್ ಹಿಡಿಯುತ್ತದೆ: ಮೈಗೆ ಎರಡು, ಕುಪ್ಪಸಕ್ಕೆ ಒಂದು, ಸೀರೆಗೆ ಎರಡು, ಕಸೂತಿಗೆ ಒಂದು. ಏಪ್ರಿಲ್-ಮೇ ರಜೆಯಲ್ಲಿ ಬೆಳಗ್ಗೆ ಹೊತ್ತೇ ಇಟ್ಟುಕೊಳ್ಳಿ, ಮಧ್ಯಾಹ್ನದ ಧಗೆಯಲ್ಲಿ ಬೆವರು ಕೈಗೆ ಸೂಜಿ ಜಾರುತ್ತದೆ. ಸೂಜಿ ಎಣಿಸಿ ಕೊಡಿ, ಎಣಿಸಿ ವಾಪಸು ತೆಗೆದುಕೊಳ್ಳಿ. ಒಂದು ಕಡಿಮೆ ಬಿದ್ದರೆ ಚಾಪೆ ಝಾಡಿಸಿ, ಅಯಸ್ಕಾಂತ ಆಡಿಸಿ, ಸಿಗುವವರೆಗೆ ಯಾರೂ ಏಳುವುದು ಬೇಡ. ಕಾಣದ ಸೂಜಿ ಬಹಳ ಸಲ ಸಿಗುವುದು ಗೊಂಬೆಯ ಹೊಟ್ಟೆಯಲ್ಲಿ, ಆದ್ದರಿಂದ ಗೊಂಬೆಗಳನ್ನೂ ಒತ್ತಿ ನೋಡಿ.

ಗೊಂಬೆ ಮನೆಗೆ ಹೋಗುವಾಗ ಸೀರೆ ಬಿಚ್ಚಿ, ಮಡಿಸಿ, ಬೇರೆಯಾಗಿ ಕೊಡಿ. ಮನೆಯಲ್ಲಿ ಉಡಿಸಬೇಕಾದದ್ದು ಮಗುವೇ. ಬಣ್ಣ ಬಿಡುವ ಕೆಂಪು ಸೆರಗನ್ನು ಮೊದಲ ಎರಡು ಸಲ ಉಪ್ಪುನೀರಿನಲ್ಲಿ ಬೇರೆಯೇ ಜಾಲಿಸಿ. ಮೈಯನ್ನು ಪೂರ್ತಿ ಅದ್ದಬೇಡಿ, ಹತ್ತಿ ಮುದ್ದೆಯಾಗಿ ಒಳಗೆ ಮುಗ್ಗಲು ಹಿಡಿಯುತ್ತದೆ. ಒದ್ದೆ ಅರಿವೆಯಿಂದ ಒರೆಸಿ ಬಿಸಿಲಿಗಿಡಿ. ಮಳೆಗಾಲದಲ್ಲಿ ಟ್ರಂಕಿಗೆ ಹಾಕುವುದಾದರೆ ಒಣಗಿದ ಬೇವಿನ ಎಲೆಯ ಪೊಟ್ಟಣ ಜೊತೆಗಿರಲಿ. ಮೊದಲು ಹರಿಯುವುದು ಕಾಲಿನ ಕೀಲು. ಹಳೆ ಹೊಲಿಗೆಯ ಮೇಲೇ ಹೊಲಿಯದೆ, 2 ಮಿ.ಮೀ. ಮೇಲಕ್ಕೆ ಹೊಸ ಸಾಲು ಹಾಕಿ.